ನಾಲ್ಕೈದು ಜನ ಸೇರಿ ಬೆಂಗಳೂರಲ್ಲಿ ಅಂಗಡಿ ಅಥವಾ ಆಫೀಸ್ ಜಾಗ ಕೊಳ್ಳೋದು ಹೇಗೆ

ಸೈಟು ಕೊಂಡು ಕಾಂಪೌಂಡ್ ಹಾಕಿ ಬಿಟ್ಟರೆ ಸಾಕು, ಹತ್ತು ವರ್ಷಕ್ಕೆ ಬೆಲೆ ತಾನೇ ಏರುತ್ತದೆ ಅನ್ನೋ ಲೆಕ್ಕ ಬೆಂಗಳೂರಿನವರಿಗೆಲ್ಲ ಬಾಯಿಪಾಠ. ಕಮರ್ಷಿಯಲ್ ಜಾಗಕ್ಕೆ ಈ ಲೆಕ್ಕ ನಡೆಯೋದಿಲ್ಲ. ಅಂಗಡಿಯೋ ಆಫೀಸೋ ಖಾಲಿ ಬಿದ್ದರೆ ತೆರಿಗೆ, ಮೇಂಟೆನೆನ್ಸ್, ಕರೆಂಟಿನ ಕನಿಷ್ಠ ಬಿಲ್ಲು ಅಂತ ತಿಂಗಳು ತಿಂಗಳು ಕೈಯಿಂದಲೇ ಹೋಗುತ್ತಾ ಇರುತ್ತದೆ. ಬೆಲೆ ನಿಲ್ಲೋದೇ ಬಾಡಿಗೆದಾರನ ಮೇಲೆ. ಒಳ್ಳೆ ಬಾಡಿಗೆದಾರ ಇದ್ದರೆ ಹಳೇ ಕಟ್ಟಡಕ್ಕೂ ಗಿರಾಕಿ ಸಿಗುತ್ತದೆ, ಇಲ್ಲದಿದ್ದರೆ ಗ್ಲಾಸ್ ಹಾಕಿದ ಹೊಸ ಕಟ್ಟಡವನ್ನೂ ಕೇಳೋರಿಲ್ಲ. ಹಾಗಾಗಿ ಇದನ್ನು ಆಸ್ತಿ ಅನ್ನೋದಕ್ಕಿಂತ ಒಂದು ಸಣ್ಣ ವ್ಯಾಪಾರ ಅಂದುಕೊಂಡು ಶುರು ಮಾಡಿ. ವ್ಯಾಪಾರಕ್ಕೆ ಒಬ್ಬ ಮುಂದಾಳು ಬೇಕು, ನಾಲ್ಕು ಜನರ ಪರಿಚಯ ಬೇಕು, ಈಗಿನ ಕಾಲಕ್ಕೆ ಫೋನಲ್ಲಿ ಒಂದಷ್ಟು ಚೆಕ್ ಮಾಡೋ ಅಭ್ಯಾಸ ಬೇಕು.

ಇದನ್ನು ಬರೆಯುತ್ತಿರೋದು ಸ್ನೇಹಿತರೋ, ಅಣ್ಣತಮ್ಮಂದಿರೋ, ಭಾವ ಭಾಮೈದರೋ ಸೇರಿ ಒಂದೆರಡು ಕೋಟಿಯ ಜಾಗ ಕೊಳ್ಳಬೇಕು ಅಂತಿರುವವರಿಗೆ. ದೊಡ್ಡ ಟೆಕ್ ಪಾರ್ಕ್ ಕಟ್ಟುವವರಿಗಲ್ಲ.

ಮೊದಲು ನಿಜವಾದ ಲೆಕ್ಕ ಹಾಕಿ

ಬ್ರೋಕರ್ ಹೇಳೋ ಲೆಕ್ಕ ಹೀಗಿರುತ್ತದೆ: "ಎರಡು ಕೋಟಿ ಸಾರ್, ಬಾಡಿಗೆ ಒಂದು ಲಕ್ಷ ಹತ್ತು ಸಾವಿರ ಬರ್ತಾ ಇದೆ." ವರ್ಷಕ್ಕೆ 13.2 ಲಕ್ಷ, ಅಂದರೆ 6.6 ಪರ್ಸೆಂಟ್. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಈಗ ಖರ್ಚು ಸೇರಿಸಿ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರದಲ್ಲಿ ಸುಮಾರು 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ ಕೊನೆಯಿಂದ ಕರ್ನಾಟಕದಲ್ಲಿ 2 ಆಗಿದೆ. ಒಟ್ಟು 7.6, ಎರಡು ಕೋಟಿಗೆ 15.2 ಲಕ್ಷ. ಅಲ್ಲಿಗೆ ನಿಮ್ಮ ಜೇಬಿಂದ ಹೋದದ್ದು 2.15 ಕೋಟಿ, ಬ್ರೋಕರ್ ಕಮಿಷನ್ನು, ವಕೀಲರ ಫೀಸು ಬೇರೆ. ಬಾಡಿಗೆ ಕಡೆ ಬನ್ನಿ. ಬಾಡಿಗೆದಾರ ಬದಲಾಗುವಾಗ ಖಾಲಿ ಇರೋದನ್ನೆಲ್ಲ ಹಂಚಿ ನೋಡಿದರೆ ವರ್ಷಕ್ಕೆ ಸರಾಸರಿ ಒಂದು ತಿಂಗಳಾದರೂ ಹೋಗುತ್ತದೆ ಅಂತ ಇಟ್ಟುಕೊಳ್ಳಿ, ಉಳಿದದ್ದು 12.1 ಲಕ್ಷ. ಆಸ್ತಿ ತೆರಿಗೆ, ಇನ್ಶೂರೆನ್ಸ್, ರಿಪೇರಿ, ಹೊಸ ಬಾಡಿಗೆದಾರನನ್ನು ತಂದವರಿಗೆ ಒಂದು ತಿಂಗಳ ಬಾಡಿಗೆ, ಇದಕ್ಕೆಲ್ಲ ಒಂದೂವರೆ ಲಕ್ಷ ತೆಗೆದಿಡಿ. ಉಳಿಯೋದು 10.6 ಲಕ್ಷ. ಅಂದರೆ 4.9 ಪರ್ಸೆಂಟ್. ಇನ್ನೂ ಇನ್‌ಕಮ್ ಟ್ಯಾಕ್ಸ್ ಕಟ್ಟಿಲ್ಲ.

ಇಷ್ಟಾದ ಮೇಲೂ ಕೊಳ್ಳಬಹುದು. ಕರಾರಿನಲ್ಲಿ ಮೂರು ವರ್ಷಕ್ಕೊಮ್ಮೆ 15 ಪರ್ಸೆಂಟ್ ಏರಿಕೆ ಇದ್ದು, ಜಾಗದ ಬೆಲೆಯೂ ಮೇಲೆ ಹೋಗುವಂತಿದ್ದರೆ ಲೆಕ್ಕ ಸರಿಹೋಗುತ್ತದೆ. ಆದರೆ 6.6 ಅಂತ ನಂಬಿ ಬ್ಯಾಂಕ್ ಸಾಲ ತೆಗೆದವರಿಗೆ ಕಂತು ಒಂದು ಕಡೆ ಎಳೆದರೆ ಬಾಡಿಗೆ ಇನ್ನೊಂದು ಕಡೆ. ಈ ಲೆಕ್ಕವನ್ನು ಗುಂಪಿನ ಎಲ್ಲರೂ ಒಟ್ಟಿಗೆ ಕೂತು ಹಾಕಿ, ಒಬ್ಬರು ಹಾಕಿ ಉಳಿದವರಿಗೆ ಫಾರ್ವರ್ಡ್ ಮಾಡೋದು ಬೇಡ. ಲೆಕ್ಕ ನೋಡಿ ಹಿಂದೆ ಸರಿಯುವವರು ಈಗಲೇ ಸರಿಯಲಿ.

ಮುಂದಾಳು ಯಾರು?

ಗುಂಪಿನ ಖರೀದಿ ಕೆಡೋದು ಜಾಸ್ತಿ ಇಲ್ಲಿಂದಲೇ. ಐದು ಜನ ಸಮಾನ ಪಾಲು ಹಾಕಿರುತ್ತಾರೆ, ಎಲ್ಲರಿಗೂ ಮಾತಾಡೋ ಹಕ್ಕಿದೆ, ಪ್ಲಂಬರ್‌ಗೆ ಫೋನ್ ಮಾಡೋರು ಮಾತ್ರ ಯಾರೂ ಇಲ್ಲ. ಜಾಸ್ತಿ ದುಡ್ಡು ಹಾಕಿದವರನ್ನೋ, ವಯಸ್ಸಲ್ಲಿ ಹಿರಿಯರನ್ನೋ ಮುಂದಾಳು ಮಾಡೋದು ರೂಢಿ. ನನ್ನ ಪ್ರಕಾರ ಅದು ತಪ್ಪು. ಜಾಗಕ್ಕೆ ಹತ್ತಿರ ಇರುವವರು, ಕಾಗದ ಪತ್ರ ಜೋಡಿಸಿಡುವ ಅಭ್ಯಾಸ ಇರುವವರು, ಕೆಟ್ಟ ಸುದ್ದಿಯನ್ನು ಅವತ್ತೇ ಹೇಳುವವರು, ಇಂಥವರು ಸಿಕ್ಕರೆ ಅವರ ಪಾಲು ಎಲ್ಲರಿಗಿಂತ ಕಮ್ಮಿ ಇದ್ದರೂ ಪರವಾಗಿಲ್ಲ. ಅವರ ಕೆಲಸಕ್ಕೆ ತಿಂಗಳಿಗೆ ಇಷ್ಟು ಅಂತ ಬಾಡಿಗೆಯಿಂದಲೇ ಕೊಡಿ. ಸ್ನೇಹಕ್ಕೆ ಅಂತ ಪುಕ್ಕಟೆ ಮಾಡಿಸಿದ ಕೆಲಸ ಎರಡನೇ ವರ್ಷಕ್ಕೆ ಗೊಣಗಾಟ ಆಗುತ್ತದೆ.

ಆಮೇಲೆ ಒಂದು ಬಿಳಿ ಹಾಳೆಯಲ್ಲಿ ಇವಿಷ್ಟನ್ನು ಬರೆದು, ವಕೀಲರ ಹತ್ತಿರ ಸರಿಯಾದ ಒಪ್ಪಂದ ಮಾಡಿಸಿ:

- ಯಾರನ್ನೂ ಕೇಳದೆ ಮುಂದಾಳು ಎಷ್ಟರವರೆಗೆ ಖರ್ಚು ಮಾಡಬಹುದು. 25 ಸಾವಿರ ಅಂತ ಇಟ್ಟರೆ ಮೋಟರ್ ಸುಟ್ಟಾಗ ಐದು ಜನಕ್ಕೆ ಫೋನ್ ಮಾಡಬೇಕಾಗಿಲ್ಲ.
- ಬಾಡಿಗೆಯನ್ನು ಎಷ್ಟರವರೆಗೆ ಇಳಿಸೋಕೆ ಅವರಿಗೆ ಅಧಿಕಾರ ಇದೆ.
- ಆರು ತಿಂಗಳ ಖರ್ಚಿನಷ್ಟು ದುಡ್ಡು ಯಾವ ಖಾತೆಯಲ್ಲಿ ಇರುತ್ತದೆ, ಅದಕ್ಕೆ ಯಾರು ಸಹಿ ಮಾಡುತ್ತಾರೆ.
- ಒಬ್ಬರಿಗೆ ದುಡ್ಡು ವಾಪಸ್ ಬೇಕು ಅಂದರೆ ಉಳಿದವರಿಗೆ ಮೊದಲ ಅವಕಾಶ ಎಷ್ಟು ದಿನ, ಬೆಲೆ ಕಟ್ಟೋದು ಯಾರು. ಪಾಲು ಕೈಬದಲಾದರೆ ಮುದ್ರಾಂಕ ಶುಲ್ಕ ಮತ್ತೆ ಬೀಳುತ್ತದೆ, ಅದು ಯಾರ ತಲೆಗೆ.
- ಒಬ್ಬರು ತೀರಿಕೊಂಡರೆ ಅವರ ಹೆಂಡತಿ ಮಕ್ಕಳ ಜೊತೆ ಮಾತಾಡೋರು ಯಾರು. ಮನೆಯವರಿಗೆ ಈ ಹೂಡಿಕೆ ವಿಷಯ ಗೊತ್ತಿರಲೇಬೇಕು.

ಕೊನೆಯ ಎರಡನ್ನು ಎಲ್ಲರೂ "ಅಯ್ಯೋ, ನಮ್ಮಲ್ಲಿ ಹಾಗೆಲ್ಲ ಆಗಲ್ಲ ಬಿಡಿ" ಅಂತ ತಳ್ಳಿಹಾಕುತ್ತಾರೆ. ಜಂಟಿ ಹೆಸರಲ್ಲಿ ಇರೋ ಆಸ್ತಿಗೆ ಯಾವ ಪಾಲುದಾರ ಬೇಕಾದರೂ ವಿಭಾಗ ಕೇಳಿ ಕೋರ್ಟಿಗೆ ಹೋಗಬಹುದು, ಆ ಕೇಸು ಮುಗಿಯುವ ಹೊತ್ತಿಗೆ ಬಾಡಿಗೆದಾರ ಎರಡು ಸಲ ಬದಲಾಗಿರುತ್ತಾನೆ. ನೇರವಾಗಿ ಐದೂ ಜನರ ಹೆಸರಲ್ಲಿ ಕೊಳ್ಳೋದಾ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡೋದಾ ಅನ್ನೋದು ಸಿಎ ಜೊತೆ ಕೂತು ತೀರ್ಮಾನ ಆಗಬೇಕಾದ್ದು. ಕ್ರಯಪತ್ರದಲ್ಲಿ ಪಾಲು ಇಂತಿಷ್ಟು ಅಂತ ಸ್ಪಷ್ಟವಾಗಿದ್ದರೆ ಬಾಡಿಗೆ ಆದಾಯವನ್ನು ಅವರವರ ಪಾಲಿನಷ್ಟು ಅವರವರೇ ತೋರಿಸಬಹುದು, ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ 30 ಪರ್ಸೆಂಟ್ ಕಡಿತವೂ ಸಿಗುತ್ತದೆ. ಎಲ್‌ಎಲ್‌ಪಿ ಆದರೆ ತೆರಿಗೆ 30 ಪರ್ಸೆಂಟಿನ ಒಂದೇ ದರ, ಆದರೆ ಪಾಲುದಾರ ಬದಲಾಗೋದು ಸುಲಭ.

ಮುಂದಾಳಿನ ನಿಜವಾದ ಪರೀಕ್ಷೆ ಬಾಡಿಗೆ ಇಳಿಸೋ ದಿನ ಬರುತ್ತದೆ. 1.1 ಲಕ್ಷ ಕೊಡುತ್ತಿದ್ದವರು "ಒಂದು ಲಕ್ಷಕ್ಕೆ ಮಾಡಿಕೊಡಿ, ಇಲ್ಲಾಂದ್ರೆ ಬಿಡ್ತೀವಿ" ಅಂದರು ಅಂತಿಟ್ಟುಕೊಳ್ಳಿ. ಗುಂಪಲ್ಲಿ ಒಬ್ಬರಾದರೂ "ಹೋಗ್ಲಿ ಬಿಡ್ರಿ, ಬೇರೆಯವರು ಸಿಗ್ತಾರೆ" ಅಂತ ಮೀಸೆ ತಿರುವುತ್ತಾರೆ. ಜಾಗ ನಾಲ್ಕು ತಿಂಗಳು ಖಾಲಿ ಬಿದ್ದರೆ ಹೋಗೋದು 4.4 ಲಕ್ಷ. ತಿಂಗಳಿಗೆ ಹತ್ತು ಸಾವಿರ ಬಿಟ್ಟುಕೊಟ್ಟಿದ್ದರೆ ಅಷ್ಟು ದುಡ್ಡು ಹೋಗೋಕೆ 44 ತಿಂಗಳು ಬೇಕಿತ್ತು. ಈ ಲೆಕ್ಕವನ್ನು ಎಲ್ಲರ ಮುಂದೆ ಇಟ್ಟು, ಸಂಜೆಯೊಳಗೆ ತೀರ್ಮಾನ ಮಾಡಿ, ಬಾಡಿಗೆದಾರನಿಂದ ಬದಲಿಗೆ ಹೊಸದಾಗಿ ಮೂರು ವರ್ಷದ ಲಾಕ್-ಇನ್ (ಅಲ್ಲಿವರೆಗೆ ಕರಾರು ಮುರಿಯುವಂತಿಲ್ಲ ಅನ್ನೋ ಷರತ್ತು) ಬರೆಸಿಕೊಳ್ಳುವವರೇ ಮುಂದಾಳು. ಹಾಗಂತ ಕೇಳಿದವರಿಗೆಲ್ಲ ಇಳಿಸಬೇಕಾಗಿಲ್ಲ. ಅದೇ ಬೀದಿಯಲ್ಲಿ ಎಷ್ಟು ಖಾಲಿ ಬೋರ್ಡ್ ಇವೆ ಅಂತ ನಡೆದು ನೋಡಿಕೊಂಡು ಬಂದು ಮಾತಿಗೆ ಕೂರಿ.

ತಿಂಗಳಿಗೊಮ್ಮೆ ಗುಂಪಿಗೆ ಒಂದು ಮೆಸೇಜು ಹಾಕಿ: ಬಂದದ್ದು, ಹೋದದ್ದು, ಖಾತೆಯಲ್ಲಿ ಉಳಿದದ್ದು, ಬಾಕಿ ಇರೋ ಸಮಸ್ಯೆ. ನಾಲ್ಕು ಸಾಲು ಸಾಕು. ಏನೂ ಆಗದ ತಿಂಗಳಲ್ಲೂ ಹಾಕಿ, ಯಾಕಂದರೆ ಮೆಸೇಜು ಬರದಿದ್ದಾಗಲೇ ಅನುಮಾನ ಶುರುವಾಗೋದು.

ಪರಿಚಯ ಬೆಳೆಸೋದು

ನೆಟ್‌ವರ್ಕಿಂಗ್ ಅಂದ ತಕ್ಷಣ ಹೋಟೆಲಿನ ಹಾಲಲ್ಲಿ ವಿಸಿಟಿಂಗ್ ಕಾರ್ಡ್ ಹಂಚೋದು ನೆನಪಾಗುತ್ತದೆ. ಸಣ್ಣ ಹೂಡಿಕೆದಾರರಿಗೆ ಅದರಿಂದ ಸಿಗೋದು ಊಟ ಮಾತ್ರ. ನಿಮಗೆ ಬೇಕಾದ ಸುದ್ದಿ ಎರಡೇ: ಯಾವ ಜಾಗ ಮಾರಾಟಕ್ಕೆ ಬರಲಿದೆ, ಯಾರು ಬಾಡಿಗೆಗೆ ಜಾಗ ಹುಡುಕುತ್ತಿದ್ದಾರೆ. ಇವೆರಡೂ ಮೊದಲು ಗೊತ್ತಾಗೋದು ಕಟ್ಟಡದ ಸೆಕ್ಯುರಿಟಿಯವರಿಗೆ, ಎಲೆಕ್ಟ್ರಿಷಿಯನ್‌ಗೆ, ಎದುರಿನ ಕಾಫಿ ಅಂಗಡಿಯವರಿಗೆ, ಕಟ್ಟಡದ ಮೇಂಟೆನೆನ್ಸ್ ನೋಡುವ ಮ್ಯಾನೇಜರ್‌ಗೆ. ಮೇಲಿನ ಮಹಡಿಯ ಕಂಪನಿ ಕುರ್ಚಿ ಮೇಜು ಸಾಗಿಸುತ್ತಿದೆ ಅನ್ನೋದು ವೆಬ್‌ಸೈಟಿಗೆ ಬರುವ ಮೊದಲೇ ಇವರಿಗೆ ಗೊತ್ತು.

ನಿಮಗೆ ಬೇಕಾದ ಪ್ರದೇಶ ಒಂದೇ ಒಂದನ್ನು ಆರಿಸಿಕೊಳ್ಳಿ. ಜಯನಗರ 4ನೇ ಬ್ಲಾಕ್ ಸುತ್ತಮುತ್ತ ಅಂದರೆ ಅದೇ, ರಾಜಾಜಿನಗರ ಅಂದರೆ ಅದೇ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಎಲ್ಲಾ ಸ್ಟೇಷನ್ ಹತ್ತಿರದವರೂ ಬಾಡಿಗೆ ಏರಿಸೋ ಮಾತಾಡುತ್ತಿದ್ದಾರೆ, ಆದರೆ ಸ್ಟೇಷನ್ ಮೆಟ್ಟಿಲು ಯಾವ ಬದಿಗೆ ಇಳಿಯುತ್ತದೆ, ಜನ ಯಾವ ಕಡೆ ತಿರುಗುತ್ತಾರೆ ಅನ್ನೋದು ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ಏಳಕ್ಕೆ ಅಲ್ಲೇ ನಿಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಒಂದೇ ಕಡೆ ಪದೇ ಪದೇ ಹೋದರೆ ಮುಖಪರಿಚಯ ತಾನೇ ಆಗುತ್ತದೆ.

ಬ್ರೋಕರ್‌ಗಳ ಜೊತೆ ಚೌಕಾಸಿ ಮಾಡಿ, ಆದರೆ ಒಪ್ಪಿದ ಕಮಿಷನ್ನನ್ನು ಅದೇ ದಿನ ಕೊಡಿ. ಇದಕ್ಕಿಂತ ಒಳ್ಳೆ ನೆಟ್‌ವರ್ಕಿಂಗ್ ನಾನು ಕಂಡಿಲ್ಲ. ಮುಂದಿನ ಒಳ್ಳೆ ಜಾಗ ಬಂದಾಗ ಅವರು ಮೊದಲು ಫೋನ್ ಮಾಡೋದು ತಕರಾರಿಲ್ಲದೆ ದುಡ್ಡು ಕೊಟ್ಟವರಿಗೆ. ನಿಮಗೆ ಆಗದ ಜಾಗ ಇನ್ನೊಬ್ಬರಿಗೆ ಆಗುತ್ತದೆ ಅನ್ನಿಸಿದರೆ ಅವರಿಗೆ ತಿಳಿಸಿ, ಕಮಿಷನ್ ಕೇಳಬೇಡಿ. ಸಿಎಗಳು, ನೋಂದಣಿ ಕಚೇರಿ ಹತ್ತಿರದ ಪತ್ರ ಬರಹಗಾರರು, ಆಯಾ ಬೀದಿಯ ವರ್ತಕರ ಸಂಘದವರು, ಇವರ ಜೊತೆ ಮಾತು ಬಿಡಬೇಡಿ. ಸ್ವಲ್ಪ ದೊಡ್ಡ ಮಟ್ಟಕ್ಕೆ ಹೋಗಬೇಕು ಅಂದರೆ ಕೆ.ಜಿ. ರಸ್ತೆಯಲ್ಲಿರುವ ಎಫ್‌ಕೆಸಿಸಿಐ ತರದ ವಾಣಿಜ್ಯ ಸಂಸ್ಥೆಗಳ ಸಭೆಗೆ ಹೋಗಬಹುದು. ಅಲ್ಲಿ ಬರುವವರು ಜಾಗ ಬೇಕಾದ ವ್ಯಾಪಾರಿಗಳೇ.

ಜಾಸ್ತಿ ಜನ ಗಮನಿಸದ ಒಂದು ದಾರಿ ಇದೆ. ಸರ್ಕಾರಿ ಬ್ಯಾಂಕುಗಳು ಶಾಖೆಗೆ ಜಾಗ ಬೇಕಾದಾಗ ಪತ್ರಿಕೆಯಲ್ಲಿ, ತಮ್ಮ ವೆಬ್‌ಸೈಟಿನಲ್ಲಿ ಪ್ರಕಟಣೆ ಕೊಡುತ್ತವೆ. ಎಷ್ಟು ಚದರಡಿ ಕಾರ್ಪೆಟ್ ಏರಿಯಾ (ಗೋಡೆಯೊಳಗೆ ಬಳಸೋಕೆ ಸಿಗುವ ಜಾಗ), ಯಾವ ಮಹಡಿ, ಎಷ್ಟು ಕಿಲೋವ್ಯಾಟ್ ಕರೆಂಟು ಎಲ್ಲವೂ ಅದರಲ್ಲಿರುತ್ತದೆ. ತಾಂತ್ರಿಕ ವಿವರ ಒಂದು ಲಕೋಟೆ, ದರ ಇನ್ನೊಂದು ಲಕೋಟೆ. ಕಾಗದ ಪತ್ರ ಜಾಸ್ತಿ, ನಿರ್ಧಾರ ನಿಧಾನ, ಆದರೆ ಬಂದರೆ ವರ್ಷಗಟ್ಟಲೆ ಕೂರುತ್ತಾರೆ. ನೀವು ಕೊಳ್ಳುವ ಮೊದಲೇ ಇಂಥ ನಾಲ್ಕೈದು ಪ್ರಕಟಣೆ ಓದಿ. ಬಾಡಿಗೆದಾರರು ಏನು ಕೇಳುತ್ತಾರೆ ಅಂತ ತಿಳಿಯುತ್ತದೆ.

ಫೋನಲ್ಲೇ ಎಷ್ಟು ಪರೀಕ್ಷೆ ಮಾಡಬಹುದು

ಟೆಕ್ನಾಲಜಿ ವಿಷಯದಲ್ಲಿ ನಮ್ಮ ರಾಜ್ಯದವರು ಅದೃಷ್ಟವಂತರು. ಅಡ್ವಾನ್ಸ್ ಕೊಡೋ ಮೊದಲು ಈ ಕೆಲಸ ಮಾಡಿ, ಎರಡು ಸಂಜೆ ಸಾಕು.

ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ, ಅಂದರೆ ಆ ಆಸ್ತಿಯ ಮೇಲೆ ಆದ ನೋಂದಣಿಗಳ ಪಟ್ಟಿ, ತೆಗೆಯಿರಿ. 2004ರ ಏಪ್ರಿಲ್‌ನಿಂದ ಈಚೆಗಿನದು ಆನ್‌ಲೈನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ನೋಂದಣಿ ಆಗದ ಕರಾರುಗಳು ಇಸಿಯಲ್ಲಿ ಬರೋದಿಲ್ಲ ಅನ್ನೋದು ನೆನಪಿರಲಿ. ಹಾಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಕೇಸು ಇದೆಯಾ ನೋಡಿ, ಸೆರ್ಸಾಯ್ ತಾಣದಲ್ಲಿ ಆಸ್ತಿ ಅಡಮಾನ ಆಗಿದೆಯಾ ನೋಡಿ. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲದೆ ಬೆಂಗಳೂರಲ್ಲಿ ಈಗ ನೋಂದಣಿಯೇ ಇಲ್ಲ, ಅದರಲ್ಲಿರುವ ಅಳತೆಗೂ ಕ್ರಯಪತ್ರದ ಅಳತೆಗೂ ತಾಳೆ ಆಗಬೇಕು.

ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲೇ ನಿಂತು ತೆರೆಯಿರಿ. ಸರ್ವೆ ನಂಬರ್ ಯಾವುದು, ಹತ್ತಿರ ಕೆರೆ, ರಾಜಕಾಲುವೆ ಇದೆಯಾ ಅಂತ ನಕ್ಷೆಯಲ್ಲಿ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಳೆನೀರು ತುಂಬಿ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳಿಗೆ ಟ್ರ್ಯಾಕ್ಟರಲ್ಲಿ ಜನ ಹೋಗಿದ್ದು ಮರೆತಿಲ್ಲ ತಾನೇ? ಗೂಗಲ್ ಅರ್ಥ್‌ನಲ್ಲಿ ಹಳೇ ಉಪಗ್ರಹ ಚಿತ್ರಗಳನ್ನು ಹಿಂದಕ್ಕೆ ಸರಿಸಿ ನೋಡಿದರೆ ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಏನಿತ್ತು ಅಂತ ತಿಳಿಯುತ್ತದೆ. ಬೇಸ್‌ಮೆಂಟಿನ ಗೋಡೆಯಲ್ಲಿ ನೀರು ನಿಂತ ಗೆರೆ ಇದೆಯಾ ಅನ್ನೋದಕ್ಕೆ ಮಾತ್ರ ಆ್ಯಪ್ ಇಲ್ಲ, ಟಾರ್ಚ್ ಹಿಡಿದು ಇಳಿಯಬೇಕು.

ಲೇಸರ್ ಅಳತೆ ಸಾಧನ ಒಂದು ಕೊಂಡುಕೊಳ್ಳಿ. ಬ್ರೋಕರ್ ಸಾವಿರ ಚದರಡಿ ಅನ್ನೋದು ಸೂಪರ್ ಬಿಲ್ಟ್-ಅಪ್, ಅಂದರೆ ಗೋಡೆ, ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಅಳತೆ. ಗೋಡೆಯೊಳಗೆ ಅಳೆದರೆ 650, 700 ಬಂದರೂ ಆಶ್ಚರ್ಯ ಇಲ್ಲ. ಬ್ಯಾಂಕಿನಂಥವರು ಬಾಡಿಗೆ ಕೊಡೋದು ಆ 650ಕ್ಕೆ.

ಇನ್ನು ಬಾಡಿಗೆದಾರನ ಪರೀಕ್ಷೆ. ಜಿಎಸ್‌ಟಿ ತಾಣದಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿದರೆ ನೋಂದಣಿ ಚಾಲ್ತಿಯಲ್ಲಿದೆಯಾ, ರಿಟರ್ನ್ ಸಲ್ಲಿಸುತ್ತಿದ್ದಾರಾ ಅನ್ನೋದು ಯಾರಿಗೆ ಬೇಕಾದರೂ ಕಾಣುತ್ತದೆ. ಮೂರು ತಿಂಗಳಿಂದ ರಿಟರ್ನ್ ಹಾಕದವರು ನಿಮಗೆ ಬಾಡಿಗೆ ಹಾಕುತ್ತಾರಾ? ಕಂಪನಿ ಆದರೆ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ತಾಣದಲ್ಲಿ ಲೆಕ್ಕಪತ್ರ ಸಲ್ಲಿಸಿದ್ದಾರಾ ನೋಡಿ.

ಕರಾರು ಪತ್ರವನ್ನು ಎಐಗೆ ಕೊಟ್ಟು ಓದಿಸೋದು ಈಗ ಎಲ್ಲರೂ ಮಾಡುತ್ತಿದ್ದಾರೆ. ನಲವತ್ತು ಪುಟದಲ್ಲಿ ಲಾಕ್-ಇನ್ ಎಲ್ಲಿದೆ, ಬಾಡಿಗೆ ಏರಿಕೆ ಯಾವಾಗ, ಪೇಂಟಿಂಗ್ ಯಾರ ಖರ್ಚು ಅಂತ ಹುಡುಕಿಕೊಡೋಕೆ ಅದು ಚೆನ್ನಾಗಿದೆ. ಆದರೆ ಅದು ಹೇಳಿದ ಕಲಮನ್ನು ಮೂಲದಲ್ಲಿ ನೀವೇ ಓದಿ, ಆಧಾರ್, ಪ್ಯಾನ್ ಇರೋ ಪುಟ ಹಾಕಬೇಡಿ, ಕೊನೆಗೆ ವಕೀಲರಿಗೆ ತೋರಿಸಿ. ಲಾಕ್-ಇನ್ ಬಾಡಿಗೆದಾರನಿಗೂ ಇದೆಯಾ, ನಿಮಗೆ ಮಾತ್ರ ಇದೆಯಾ ಅನ್ನೋ ಪ್ರಶ್ನೆಯನ್ನು ತಪ್ಪದೆ ಕೇಳಿ.

ಒಂದು ವಿಷಯದಲ್ಲಿ ರಾಜಿ ಬೇಡ: ಒಸಿ, ಅಂದರೆ ಕಟ್ಟಡ ಬಳಸಬಹುದು ಅಂತ ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ. ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕ್ ಸಾಲವನ್ನೂ ಒಸಿ ನೋಡಿಯೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಮಂಜೂರಾದ ನಕ್ಷೆಯಲ್ಲಿ ವಾಣಿಜ್ಯ ಬಳಕೆ ಅಂತ ಇದೆಯಾ, ವಾಸದ ಮನೆ ಅಂತ ಇದೆಯಾ ಅದನ್ನೂ ನೋಡಿ. ವಾಸದ ಕಟ್ಟಡವನ್ನು ಅಂಗಡಿ ಮಾಡಿದ್ದರೆ ಬಾಡಿಗೆದಾರನಿಗೆ ಟ್ರೇಡ್ ಲೈಸೆನ್ಸ್ ಸಿಗೋದು ಕಷ್ಟ, ಆ ಕಷ್ಟ ನಿಮ್ಮ ಬಾಡಿಗೆಗೇ ಬರುತ್ತದೆ.

ಇಷ್ಟೆಲ್ಲ ಬೇಡ ಅನ್ನುವವರಿಗೆ

ಬೇಡ ಅನ್ನಿಸಿದರೆ ಅದೂ ಸರಿಯೇ. ಆರ್‌ಇಐಟಿ ಕೊಳ್ಳಿ, ಅಂದರೆ ಬಾಡಿಗೆ ಬರುವ ದೊಡ್ಡ ಕಟ್ಟಡಗಳನ್ನು ಇಟ್ಟುಕೊಂಡು ಆದಾಯ ಹಂಚುವ ಟ್ರಸ್ಟಿನ ಯೂನಿಟ್. ದೇಶದ ಮೊದಲನೆಯದು ಎಂಬೆಸಿ, 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು, ನಮ್ಮ ಮಾನ್ಯತಾ ಟೆಕ್ ಪಾರ್ಕ್ ಅದರಲ್ಲೇ ಇದೆ. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಇಂಡಿಯಾ, ಮಾಲ್‌ಗಳ ನೆಕ್ಸಸ್, 2025ರಲ್ಲಿ ನಾಲೆಜ್ ರಿಯಾಲ್ಟಿ ಬಂದವು. ಷೇರಿನ ತರವೇ ಒಂದು ಯೂನಿಟ್ ಕೂಡ ಕೊಳ್ಳಬಹುದು, ಹಂಚಬಹುದಾದ ಆದಾಯದಲ್ಲಿ ಕನಿಷ್ಠ 90 ಪರ್ಸೆಂಟ್ ಹಂಚಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಇದೆ. ಬೆಲೆ ಮಾತ್ರ ದಿನಾ ಮೇಲೆ ಕೆಳಗೆ ಆಗುತ್ತದೆ, ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವವರಿಗೆ ಹೇಳಿದ್ದಲ್ಲ.

ನಡುವಿನ ದಾರಿ ಎಸ್‌ಎಂ ಆರ್‌ಇಐಟಿ, ಅಂದರೆ ಸಣ್ಣ ಮತ್ತು ಮಧ್ಯಮ ಗಾತ್ರದ ಆರ್‌ಇಐಟಿ. ಕಟ್ಟಡದ ತುಂಡು ಪಾಲು ಮಾರುವ ಆ್ಯಪ್‌ಗಳು ಹಿಂದೆ ಹೇಳೋರು ಕೇಳೋರು ಇಲ್ಲದೆ ನಡೆಯುತ್ತಿದ್ದವು, 2024ರ ಮಾರ್ಚಿನಲ್ಲಿ ಸೆಬಿ ಅವಕ್ಕೆ ನಿಯಮ ಮಾಡಿತು. 50 ಕೋಟಿಯಿಂದ 500 ಕೋಟಿವರೆಗಿನ ಆಸ್ತಿ, ಕನಿಷ್ಠ ಹೂಡಿಕೆ 10 ಲಕ್ಷ. ಮೊದಲು ಬಂದ ಪ್ರಾಪ್‌ಶೇರ್ ಪ್ಲಾಟಿನಾ ನಮ್ಮ ಹೊರ ವರ್ತುಲ ರಸ್ತೆಯ ಕಟ್ಟಡದ್ದೇ. ತಲಾ ಹತ್ತಿಪ್ಪತ್ತು ಲಕ್ಷ ಹಾಕುವ ಗುಂಪಾದರೆ, ಒಟ್ಟಿಗೆ ಜಾಗ ಕೊಂಡು ಮನಸ್ಸು ಕೆಡಿಸಿಕೊಳ್ಳೋ ಬದಲು ಅವರವರ ಹೆಸರಲ್ಲಿ ಇಂಥದ್ದನ್ನು ನೋಡೋದು ವಾಸಿ ಅಂತ ನನ್ನ ಅಭಿಪ್ರಾಯ. ಕೊಂಡದ್ದನ್ನು ಬೇಕಾದಾಗ ಮಾರೋಕೆ ಗಿರಾಕಿ ಇದ್ದಾರಾ ಅನ್ನೋದನ್ನು ಮಾತ್ರ ಮೊದಲೇ ನೋಡಿ.

ಕೊಂಡ ಮೇಲಿನ ಮೊದಲ ತಿಂಗಳು

ಬಾಡಿಗೆದಾರ ಇರೋ ಜಾಗ ಕೊಂಡಿದ್ದರೆ ಅವರು ಹಳೇ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ವಿಷಯ ನೋಂದಣಿಗೆ ಮೊದಲೇ ಇತ್ಯರ್ಥ ಆಗಬೇಕು. ಹತ್ತು ತಿಂಗಳ ಅಡ್ವಾನ್ಸ್ ಅಂದರೆ 11 ಲಕ್ಷ, ಅದನ್ನು ಮಾರುವವರು ನಿಮಗೆ ಕೊಡಬೇಕು ಅಥವಾ ಬೆಲೆಯಲ್ಲಿ ಮುರಿದುಕೊಳ್ಳಬೇಕು. ಬಾಡಿಗೆದಾರ ಬಿಡುವಾಗ ಅದನ್ನು ಕೇಳೋದು ನಿಮ್ಮನ್ನೇ. ಹಾಗಾಗಿ ಅದನ್ನು ಗುಂಪಿನ ದುಡ್ಡಿನ ಜೊತೆ ಬೆರೆಸದೆ ಎಫ್‌ಡಿ ಇಡಿ. ಇನ್ನು ಮುಂದೆ ಬಾಡಿಗೆಯನ್ನು ಹೊಸ ಮಾಲೀಕರಿಗೆ ಕೊಡುತ್ತೇವೆ ಅಂತ ಬಾಡಿಗೆದಾರರಿಂದ ಬರಹದಲ್ಲಿ ಪಡೆಯಿರಿ. ಹೊಸ ಕರಾರು ವರ್ಷ ಮೀರಿದ್ದಾದರೆ ನೋಂದಣಿ ಮಾಡಿಸಲೇಬೇಕು.

ಬಾಡಿಗೆ ಒಬ್ಬರಿಗೆ ತಿಂಗಳಿಗೆ 50 ಸಾವಿರ ದಾಟಿದರೆ ಬಾಡಿಗೆ ಕೊಡುವ ಕಂಪನಿಗಳು 10 ಪರ್ಸೆಂಟ್ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಇನ್‌ಕಮ್ ಟ್ಯಾಕ್ಸ್) ಹಿಡಿಯುತ್ತವೆ. ಐದು ಜನರ ಪಾಲು ಸ್ಪಷ್ಟವಾಗಿದ್ದು ತಲಾ 22 ಸಾವಿರ ಬರುತ್ತಿದ್ದರೆ ಹಿಡಿಯಬೇಕಾಗಿಲ್ಲ, ಇದನ್ನು ಬಾಡಿಗೆದಾರರ ಅಕೌಂಟೆಂಟ್‌ಗೆ ಮೊದಲ ತಿಂಗಳೇ ಬರೆದು ತಿಳಿಸಿ. ಗುಂಪಲ್ಲಿ ಅಮೆರಿಕದಲ್ಲೋ ದುಬೈಯಲ್ಲೋ ಇರೋ ತಮ್ಮ ಒಬ್ಬ ಇದ್ದರೆ ಅವನ ಪಾಲಿಗೆ ಈ ಮಿತಿ ಲೆಕ್ಕಕ್ಕಿಲ್ಲ, 30 ಪರ್ಸೆಂಟ್ ಮತ್ತು ಸೆಸ್ಸು ಹಿಡಿಯಬೇಕು. ಅವನು ಅಲ್ಲಿಂದ ಕಳಿಸೋ ಪವರ್ ಆಫ್ ಅಟಾರ್ನಿಗೆ, ಕಾಗದ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಖಾತಾ ನಿಮ್ಮ ಹೆಸರಿಗೆ ಮಾಡಿಸೋದು, ಬೆಸ್ಕಾಂ ಮೀಟರ್ ಹೆಸರು ಬದಲಾಯಿಸೋದು, ಬೆಂಕಿ ವಿಮೆ, ಇವನ್ನೆಲ್ಲ ಮುಂದಾಳು ಅದೇ ತಿಂಗಳು ಮುಗಿಸಿ ರಸೀದಿಗಳ ಫೋಟೋ ಗುಂಪಿಗೆ ಹಾಕಲಿ.